ಕೋಲಾರಕ್ಕೆ ಚರ್ಚ್ ಸೇವೆಗೆ ಬರುವ ಹಿರಿಯ ದಂಪತಿಗೆ

ರಿಟೈರ್ ಆದ ಮೇಲೆ ಇಬ್ಬರೂ ಸೇವೆಗೆ ಅಂತ ಈ ಕಡೆ ಬರುತ್ತಿದ್ದರೆ, ಮೊದಲು ಗ್ರೌಂಡ್ ಫ್ಲೋರ್ ಮನೆ ಹಿಡಿಯಿರಿ. ಚರ್ಚ್ ಪಕ್ಕದಲ್ಲೇ ಬೇಕು ಅಂತಿಲ್ಲ, ಮೆಡಿಕಲ್ ಶಾಪ್ ಹತ್ತಿರ ಇದ್ದರೆ ಸಾಕು.

ನೀರಿನ ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಇಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಇನ್ನೂ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದಿಂದಲೇ ಕುಡಿಯುವ ನೀರು ತನ್ನಿ, ಆದರೆ 20 ಲೀಟರ್ ಕ್ಯಾನ್ ಎತ್ತುವ ಸಾಹಸ ಬೇಡ, 10 ಲೀಟರ್‌ದು ಸಾಕು, ಸೊಂಟ ಉಳಿದರೆ ತಾನೇ ಸೇವೆ!

ಮನೆ ಭೇಟಿಗೆ ಹೊತ್ತು ನೋಡಿ ಹೋಗಿ. ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕುವ ಸಮಯದಲ್ಲಿ ಹೋದರೆ ಅವರಿಗೂ ಪೇಚು, ನಿಮಗೂ ಪೇಚು. ಕೆಜಿಎಫ್ ಕಡೆ 2001ರಲ್ಲಿ ಗಣಿ ಮುಚ್ಚಿದ ಮೇಲೆ ಎಷ್ಟೋ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಹಗಲು ಮನೆಯಲ್ಲಿ ಸಿಗುವವರು ಹೆಚ್ಚಾಗಿ ನಿಮ್ಮ ವಯಸ್ಸಿನವರೇ, ಮಾತಿಗೆ ಅದಕ್ಕಿಂತ ಇನ್ನೇನು ಬೇಕು? ಕೆಜಿಎಫ್‌ನಲ್ಲಿ ಮಾತು ಹೆಚ್ಚಾಗಿ ತಮಿಳು, ಆಂಧ್ರ ಗಡಿ ಕಡೆ ತೆಲುಗು. ನಾಲ್ಕು ಮಾತು ಕಲಿತಿಡಿ.

ಪ್ರತಿ ಮನೆಯಲ್ಲೂ ಕಾಫಿ ಬರುತ್ತದೆ. ಶುಗರ್ ಇದ್ದರೆ "ಅರ್ಧ ಲೋಟ, ಸಕ್ಕರೆ ಬೇಡಮ್ಮ" ಅಂತ ಅವರು ಒಲೆ ಹಚ್ಚುವ ಮುಂಚೆಯೇ ಹೇಳಿಬಿಡಿ. ಮಾಡಿ ತಂದ ಮೇಲೆ ಬೇಡ ಅಂದರೆ ಬೇಜಾರಾಗುತ್ತದೆ, ಅಲ್ವಾ?

ಭಾನುವಾರ ಆರಾಧನೆ, ಊಟ, ಜನ ಅಂತ ಸುಸ್ತಾಗಿರುತ್ತೀರಿ. ಸೋಮವಾರ ಯಾರ ಮನೆಗೂ ಒಪ್ಪಿಕೊಳ್ಳಬೇಡಿ. ಬಟ್ಟೆ, ಬ್ಯಾಂಕು, ಬಿಪಿ ಚೆಕಪ್ ಎಲ್ಲ ಅವತ್ತೇ ಮುಗಿಸಿ.