ಔತಣಕ್ಕೆ ಹೊರಡುವ ಮುನ್ನ ನಾನು ಮಾಡಿಕೊಳ್ಳುವ ತಯಾರಿ

ಕೆಲಸದ ನಿಮಿತ್ತ ನನಗೆ ಆಗಾಗ ಔಪಚಾರಿಕ ಔತಣಗಳಿಗೆ ಕರೆ ಬರುತ್ತದೆ. ಅಲ್ಲಿ ಅಪರಿಚಿತರ ಪಕ್ಕ ಕೂತು ಊಟ ಮುಗಿಯುವವರೆಗೆ ಮಾತಾಡಬೇಕು. ಯಾವ ಚಮಚ ಎತ್ತಿಕೊಳ್ಳಲಿ ಎಂದು ತಲೆಕೆಡಿಸಿಕೊಂಡು ಕೂತರೆ ಪಕ್ಕದವರ ಮಾತು ಕಿವಿಗೆ ಬೀಳುವುದಿಲ್ಲ. ಅದಕ್ಕೇ ಆ ತಾಪತ್ರಯವನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೊರಡುತ್ತೇನೆ.

ಮೊದಲು ಆಮಂತ್ರಣವನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ. ಉಡುಪಿನ ಸೂಚನೆ ಸಾಮಾನ್ಯವಾಗಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ‘ಬ್ಲ್ಯಾಕ್ ಟೈ’ ಎಂದಿದ್ದರೆ ಗಂಡಸರಿಗೆ ಡಿನ್ನರ್ ಜಾಕೆಟ್ (ರಾತ್ರಿಯ ಔತಣಕ್ಕೆಂದೇ ಇರುವ ಔಪಚಾರಿಕ ಕೋಟು), ಬೋ ಟೈ. ಹೆಂಗಸರಿಗೆ ಉದ್ದನೆಯ ಗೌನ್ ಅಥವಾ ಅದಕ್ಕೆ ಸಮನಾದ ಉಡುಪು. ‘ಲೌಂಜ್ ಸೂಟ್’ ಎಂದಿದ್ದರೆ ಮಾಮೂಲಿ ಸೂಟ್, ಟೈ ಸಾಕು. ‘ಸ್ಮಾರ್ಟ್ ಕ್ಯಾಶುವಲ್’ ಎಂಬುದೊಂದಿದೆ, ಅದರ ಅರ್ಥ ಒಬ್ಬೊಬ್ಬರಿಗೆ ಒಂದೊಂದು. ಆಗ ಸಂಕೋಚವಿಲ್ಲದೆ ಕರೆದವರಿಗೇ ಫೋನ್ ಮಾಡಿ, “ನೀವೇನು ಹಾಕ್ಕೊಳ್ತಿದ್ದೀರಿ?” ಎಂದು ಕೇಳುತ್ತೇನೆ. ಯಾರೂ ಇದುವರೆಗೆ ಬೇಸರಪಟ್ಟುಕೊಂಡಿಲ್ಲ. ಯಾವುದಾದರೂ ಪದಾರ್ಥ ನಾನು ತಿನ್ನುವುದಿಲ್ಲವೆಂದಿದ್ದರೆ ಅದನ್ನೂ ಆಗಲೇ ಹೇಳಿಬಿಡುತ್ತೇನೆ.

ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತರೆ ಸಾಲದು, ಕುರ್ಚಿಯಲ್ಲಿ ಕೂತೂ ನೋಡಬೇಕು. ನಿಂತಾಗ ಸರಿ ಕಂಡದ್ದು ಕೂತಾಗ ಸೊಂಟಕ್ಕೆ ಬಿಗಿಯುತ್ತದೆ, ಮಂಡಿಯ ಮೇಲೆ ಸರಿಯುತ್ತದೆ, ಅಗಲ ತೋಳು ಸೂಪಿನ ಬಟ್ಟಲಿಗೆ ಇಳಿಯುತ್ತದೆ. ಎರಡು ಗುಂಡಿಯ ಜಾಕೆಟ್ಟಾದರೆ ಕೆಳಗಿನದನ್ನು ಯಾವಾಗಲೂ ಬಿಟ್ಟಿರುತ್ತೇನೆ, ಕೂರುವಾಗ ಮೇಲಿನದನ್ನೂ ಬಿಚ್ಚುತ್ತೇನೆ. ಹೊಸ ಬೂಟನ್ನು ಮೊದಲ ಸಲ ಅಲ್ಲಿಗೇ ಹಾಕಿಕೊಂಡು ಹೋಗುವುದಿಲ್ಲ. ಸೆಂಟು ತೀರಾ ಕಡಿಮೆ. ಊಟದ ಘಮವನ್ನು ಅದು ನುಂಗಬಾರದು.

ಮೇಜಿನ ವಿಷಯ ಓದಿ ಕಲಿಯುವಂಥದ್ದಲ್ಲ. ನಾನು ಮನೆಯ ಮೇಜಿನ ಮೇಲೆ ಪೂರ್ತಿ ಜೋಡಿಸಿಕೊಂಡು, ದಿನದ ಊಟವನ್ನೇ ಹಾಗೆ ಮಾಡಿ ಕೈ ಪಳಗಿಸಿಕೊಂಡೆ. ಫೋರ್ಕುಗಳು ತಟ್ಟೆಯ ಎಡಕ್ಕೆ. ಚಾಕು, ಚಮಚ ಬಲಕ್ಕೆ, ಚಾಕುವಿನ ಅಲಗು ತಟ್ಟೆಯ ಕಡೆಗೆ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ತೆಗೆದುಕೊಂಡು ಹೋದರೆ ಬಡಿಸುವ ಕ್ರಮಕ್ಕೆ ಸರಿಹೊಂದುತ್ತದೆ. ಎಡಗಡೆಯ ಬ್ರೆಡ್ಡಿನ ತಟ್ಟೆ ನಮ್ಮದು, ಲೋಟ ಬಲಗಡೆಯದು. ದುಂಡು ಮೇಜಿನಲ್ಲಿ ಒಬ್ಬರು ತಪ್ಪಿ ಬಲಗಡೆಯ ತಟ್ಟೆಗೆ ಕೈಹಾಕಿದರೆ ಸಾಲಾಗಿ ಎಲ್ಲರೂ ತಪ್ಪುತ್ತಾರೆ. ನನ್ನ ತಟ್ಟೆ ಹೋದರೆ ಸುಮ್ಮನೆ ನನ್ನ ಊಟದ ತಟ್ಟೆಯ ಅಂಚಿನಲ್ಲೇ ಬ್ರೆಡ್ ಇಟ್ಟುಕೊಳ್ಳುತ್ತೇನೆ. ಪಕ್ಕದವರ ತಪ್ಪನ್ನು ಎತ್ತಿ ಆಡುವುದು ಆ ತಪ್ಪಿಗಿಂತ ಒರಟುತನ.

ಬ್ರೆಡ್ಡನ್ನು ಚಾಕುವಿನಿಂದ ಕೊಯ್ಯದೆ, ತುತ್ತಿನಷ್ಟು ಮುರಿದು ಅದಕ್ಕಷ್ಟೇ ಬೆಣ್ಣೆ ಸವರಬೇಕು. ಸೂಪು ತುಂಬಿಕೊಳ್ಳುವಾಗ ಚಮಚ ನಮ್ಮಿಂದ ಆಚೆಗೆ ಸಾಗಬೇಕು. ಅಮೆರಿಕನ್ ರೀತಿಯಲ್ಲಿ ಕತ್ತರಿಸಿದ ಮೇಲೆ ಫೋರ್ಕನ್ನು ಬಲಗೈಗೆ ಬದಲಾಯಿಸುತ್ತಾರೆ, ಯುರೋಪಿನ ರೀತಿಯಲ್ಲಿ ಅದು ಎಡಗೈಯಲ್ಲೇ ಉಳಿಯುತ್ತದೆ. ಎರಡೂ ಸರಿ. ಬದಲಾಯಿಸುವ ಗಡಿಬಿಡಿ ಇಲ್ಲವೆಂದು ನಾನು ಎರಡನೆಯದನ್ನು ಹಿಡಿದೆ. ನಡುವೆ ಬಿಡುವು ಬೇಕಾದಾಗ ಚಾಕು, ಫೋರ್ಕನ್ನು ತಟ್ಟೆಯಲ್ಲಿ ಓರೆಯಾಗಿ ಬಿಡಿಸಿಡುತ್ತೇನೆ, ಮುಗಿದಾಗ ಜೊತೆಯಾಗಿ ಸಮಾಂತರ. ಬಡಿಸುವವರು ಅದನ್ನು ನೋಡಿಯೇ ತಟ್ಟೆ ಎತ್ತುತ್ತಾರೆ. ನ್ಯಾಪ್ಕಿನ್ ತೊಡೆಯ ಮೇಲೆ, ನಡುವೆ ಎದ್ದು ಹೋದರೆ ಕುರ್ಚಿಯ ಮೇಲೆ, ಕೊನೆಗೆ ತಟ್ಟೆಯ ಎಡಕ್ಕೆ.

ನನಗೆ ನಿಜಕ್ಕೂ ಕಷ್ಟವಾದದ್ದು ಇದ್ಯಾವುದೂ ಅಲ್ಲ, ಊಟದ ವೇಗ. ಬೇಗ ತಿಂದು ಕೂತರೆ ನಿಧಾನ ತಿನ್ನುವವರಿಗೆ ಮುಜುಗರ. ತೀರಾ ತಡವಾದರೆ ಇಡೀ ಮೇಜು ಕಾಯಬೇಕು. ಮೇಜಿನಲ್ಲಿ ಅತಿ ನಿಧಾನವಾಗಿ ತಿನ್ನುವವರು ಯಾರೆಂದು ಮೊದಲ ಸುತ್ತು ಬಡಿಸಿದಾಗಲೇ ಗುರುತಿಸಿ, ಅವರ ತುತ್ತಿಗೆ ನನ್ನ ತುತ್ತು ಹೊಂದಿಸುತ್ತೇನೆ. ಸಣ್ಣ ತುತ್ತಾದ್ದರಿಂದ ಯಾರಾದರೂ ಏನಾದರೂ ಕೇಳಿದಾಗ ಉತ್ತರ ಕೊಡಲು ಬಾಯಿಯೂ ಬೇಗ ಖಾಲಿಯಾಗುತ್ತದೆ. ಎಡಗಡೆಯವರೊಡನೆ ಮಾತು ಸೊಗಸಾಗಿ ಸಾಗಿದ್ದರೂ ಮುಂದಿನ ಸುತ್ತು ಬಡಿಸಿದಾಗ ಬಲಕ್ಕೆ ತಿರುಗುತ್ತೇನೆ. ಫೋನ್ ಜೇಬಿನಲ್ಲೇ ಇರುತ್ತದೆ.

ಮಾರನೆಯ ದಿನ ಕರೆದವರಿಗೆ ಎರಡು ಸಾಲು ಬರೆಯುತ್ತೇನೆ. ಬರೀ ‘ಧನ್ಯವಾದ’ ಅಲ್ಲ, ಯಾರ ಪಕ್ಕ ಕೂರಿಸಿದ್ದರೋ ಅವರ ಹೆಸರೂ ಅದರಲ್ಲಿರುತ್ತದೆ.