ಇಶಾಡ ಮಾವಿಗೆ ಹುಳ ಬೀಳ್ತಾ ಇದೆಯಾ?

ಅಂಕೋಲಾ ಕಡೆ ಕರಿ ಇಶಾಡ ಬೆಳೆಯುವವರೇ, ಹೊರಗೆ ಚೆಂದ ಕಾಣುವ ಹಣ್ಣು ಕೊಯ್ದರೆ ಒಳಗೆ ಬಿಳಿ ಹುಳ ಹೊರಳಾಡುತ್ತಿರುತ್ತೆ, ಅಲ್ವಾ? ಅದು ಹಣ್ಣು ನೊಣದ ಕೆಲಸ. ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತೆ. ಮರಿ ಒಳಗೇ ಇರೋದರಿಂದ ಆಮೇಲೆ ಔಷಧಿ ಹೊಡೆದರೂ ಸುಮ್ನೆ ದುಡ್ಡು ದಂಡ.

ಕಾಯಿ ಬಲಿಯುವ ಮೊದಲೇ ಮೀಥೈಲ್ ಯೂಜಿನಾಲ್ ಟ್ರ್ಯಾಪ್ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿ. ಎಕರೆಗೆ 6ರಿಂದ 8 ಸಾಕು, ನೆರಳಿರುವ ಕೊಂಬೆಗೆ. ಇದಕ್ಕೆ ಬೀಳೋದು ಗಂಡು ನೊಣ ಮಾತ್ರ. ಹಾಗಲ, ಹೀರೆಗೆ ಇದು ಆಗೋದಿಲ್ಲ, ಅದಕ್ಕೆ ಕ್ಯೂ ಲ್ಯೂರ್ ಅನ್ನೋ ಬೇರೆ ವಾಸನೆಯ ಟ್ರ್ಯಾಪ್ ಬೇಕು. ನಾನು ಒಂದು ವರ್ಷ ಮಾವಿನದ್ದನ್ನೇ ಹಾಗಲ ಚಪ್ಪರಕ್ಕೆ ಕಟ್ಟಿ ಕಾಯ್ತಾ ಕೂತಿದ್ದೆ!

ಟ್ರ್ಯಾಪಿಗಿಂತ ಮುಖ್ಯ, ಉದುರಿದ ಹಣ್ಣು. ಹುಳ ಅದರಿಂದ ಹೊರಬಂದು ಮಣ್ಣಿಗಿಳಿದು ಕೋಶ ಕಟ್ಟುತ್ತೆ, ಮತ್ತೆ ನೊಣವಾಗಿ ಏಳುತ್ತೆ. ದಿನಾ ಬೆಳಿಗ್ಗೆ ಹೆಕ್ಕಿ. ಹುಳ ಬಿದ್ದದ್ದನ್ನು ಗೊಬ್ಬರಗುಂಡಿಗೆ ಎಸೆಯಬೇಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕಾರು ದಿನ ಬಿಸಿಲಿಗಿಡಿ.

ಗಾಳಿಗೆ ಬಿದ್ದ ಗಟ್ಟಿ ಕಾಯಿ ಉಪ್ಪಿನಕಾಯಿಗೆ. ಹುಳ ಇಲ್ಲದ ಮೆತ್ತಗಿನ ಹಣ್ಣಿದ್ದರೆ ಸಾಸ್ಮೆ (ಸಾಸಿವೆ, ತೆಂಗಿನಕಾಯಿ ಅರೆದು ಹಾಕುವ ಅಡುಗೆ) ಮಾಡಿ, ಜಾಸ್ತಿಯಾದರೆ ರಸ ಹಿಂಡಿ ಮಳೆಗಾಲ ಶುರುವಾಗೋ ಮೊದಲೇ ಹಪ್ಪಳ ಒಣಗಿಸಿ.