ಮೊದಲ ಟ್ಯಾಂಕ್ ಮಾದರಿ: ಜೋಡಿಸಿ, ಬಣ್ಣ ಬಳಿದು, ಧೂಳು ಹಿಡಿಸುವುದು ಹೇಗೆ?

ಸಂಡೂರು ಕಡೆಯಿಂದ ಬರುವ ಅದಿರು ಲಾರಿಯೊಂದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಬಾಗಿಲ ಹಿಡಿಕೆಯ ಸುತ್ತ ಬಣ್ಣ ಸವೆದಿರುತ್ತದೆ. ಚಾಲಕ ಕಾಲಿಡುವ ಮೆಟ್ಟಿಲಲ್ಲಿ ಬರೀ ಕಬ್ಬಿಣ ಕಾಣುತ್ತದೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಕಪ್ಪು ಗೆರೆ ಇಳಿದಿರುತ್ತದೆ. ಕೆಂಪು ಧೂಳು ಕೂಡ ಎಲ್ಲ ಕಡೆ ಒಂದೇ ಸಮ ಕೂತಿರುವುದಿಲ್ಲ. ಚಕ್ರದ ಹಿಂದೆ, ಮೂಲೆಗಳಲ್ಲಿ ದಪ್ಪ. ಕೈಕಾಲು ತಾಗುವ ಕಡೆ ತೆಳು.

ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಗೆ ಬಳಸಿ ಹಳೆಯದಾದ ರೂಪ ಕೊಡುವುದಕ್ಕೆ ವೆದರಿಂಗ್ ಅನ್ನುತ್ತಾರೆ. ಅದರ ಮೊದಲ ಪಾಠ ಬಳ್ಳಾರಿಯ ರಸ್ತೆಯಲ್ಲೇ ಇದೆ. ಪ್ರತಿ ಕಲೆಗೂ ಒಂದು ಕಾರಣ ಇರಬೇಕು. ಕಾರಣ ಹೇಳಲು ಆಗದ ಕಲೆಯನ್ನು ಹಾಕಬಾರದು. ಈ ಒಂದು ನಿಯಮ ಹಿಡಿದುಕೊಂಡರೆ ಮೊದಲ ಮಾದರಿಯೇ ಚೆನ್ನಾಗಿ ಬರುತ್ತದೆ.

ಯಾವ ಕಿಟ್ ತರಿಸಬೇಕು?

ಮೊದಲ ಸಲಕ್ಕೆ 1/35 ಅಳತೆಯ ಕಿಟ್ ತೆಗೆದುಕೊಳ್ಳಿ. ನಿಜವಾದ ಟ್ಯಾಂಕಿನಲ್ಲಿ 35 ಸೆಂ.ಮೀ. ಇರುವ ಭಾಗ ಇಲ್ಲಿ 1 ಸೆಂ.ಮೀ. ಇರುತ್ತದೆ. 1960ರ ದಶಕದ ಶುರುವಿನಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿತು. ಅದರೊಳಗೆ ಮೋಟರು, ಬ್ಯಾಟರಿ ಕೂರಬೇಕಿತ್ತು. ಹಾಗೆ ಕೂರಿಸಲು ಹೋಗಿ ಬಂದ ಅಳತೆಯೇ ಈ 1/35. ಈಗ ಬೇರೆ ಕಂಪನಿಗಳೂ ಇದನ್ನೇ ಅನುಸರಿಸುತ್ತವೆ. 1/72 ಕಿಟ್ ಅಗ್ಗ ನಿಜ, ಆದರೆ ಬಿಡಿಭಾಗಗಳು ತೀರಾ ಸಣ್ಣವು. ಕಲಿಯುವ ಕೈಗೆ ಅದು ಕಷ್ಟ.

ನನ್ನ ಸಲಹೆ ಟಿ-55. ಸೋವಿಯತ್ ಒಕ್ಕೂಟದ ಈ ಟ್ಯಾಂಕ್ 1971ರ ಯುದ್ಧದಲ್ಲಿ ನಮ್ಮ ಸೇನೆಯಲ್ಲೂ ಇತ್ತು. ಒಳಗೆ ನಾಲ್ಕು ಜನ, ಮೇಲೆ 100 ಮಿ.ಮೀ. ತೋಪು. ಒಂದೊಂದು ಬದಿಗೆ ಐದೇ ದೊಡ್ಡ ಚಕ್ರ. ಜರ್ಮನಿಯ ಟೈಗರ್ ಟ್ಯಾಂಕ್ ಎಲ್ಲರಿಗೂ ಇಷ್ಟ, ಆದರೆ ಅದರ ಚಕ್ರಗಳು ಒಂದರ ಮೇಲೊಂದು ಸಾಲಾಗಿ ಕೂರುತ್ತವೆ. ಬಣ್ಣ ಬಳಿಯುವಾಗ ಬ್ರಷ್ ಒಳಗೆ ಹೋಗುವುದೇ ಇಲ್ಲ. ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ. ತಮಿಯಾದ ಟಿ-55ಎ ಕಿಟ್‌ನ ಭಾಗಗಳು ಒಂದಕ್ಕೊಂದು ಚೆನ್ನಾಗಿ ಕೂರುತ್ತವೆ.

ಕಿಟ್ ಮತ್ತು ಅಂಟನ್ನು ಆನ್‌ಲೈನ್‌ನಲ್ಲಿ ತರಿಸಬೇಕಾಗಬಹುದು. ಉಳಿದದ್ದಕ್ಕೆ ಹಾರ್ಡ್‌ವೇರ್ ಅಂಗಡಿ, ಸ್ಟೇಷನರಿ ಅಂಗಡಿ ಸಾಕು. ಚಪ್ಪಟೆ ಬಾಯಿಯ ನಿಪ್ಪರ್, ಹರಿತವಾದ ಕಟ್ಟರ್, ಚಿಮಟ, 400, 600 ಮತ್ತು 1000 ನಂಬರಿನ ವಾಟರ್ ಪೇಪರ್, ಎರಡು ಸಣ್ಣ ಬ್ರಷ್, ಒಂದು ಚಪ್ಪಟೆ ಬ್ರಷ್. ಇಷ್ಟರಲ್ಲಿ ಕೆಲಸ ಶುರು ಮಾಡಬಹುದು.

ಕತ್ತರಿಸುವುದು, ಅಂಟಿಸುವುದು

ಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಮೊದಲು ಚೌಕಟ್ಟನ್ನೇ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಚ್ಚಿನಿಂದ ಬಂದ ಎಣ್ಣೆಯಂಥ ಪದರ ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಯಾವ ಭಾಗವನ್ನೂ ಕೈಯಿಂದ ತಿರುಚಿ ಕೀಳಬೇಡಿ. ನಿಪ್ಪರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ. ಉಳಿದ ಮೊನೆಯನ್ನು ಕಟ್ಟರ್‌ನಿಂದ ತೆಗೆದು, ವಾಟರ್ ಪೇಪರ್‌ನಿಂದ ನಯಮಾಡಿ. ಚಕ್ರಗಳ ಸುತ್ತ ಅಚ್ಚಿನ ತೆಳು ಗೆರೆ ಇರುತ್ತದೆ. ಅದನ್ನೂ ಉಜ್ಜಿ ತೆಗೆಯಿರಿ. ಈ ಕೆಲಸ ಬೇಜಾರು ತರಿಸುತ್ತದೆ, ಆದರೂ ಬಿಡಬೇಡಿ. ಬಣ್ಣ ಬಿದ್ದ ಮೇಲೆ ಆ ಗೆರೆ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ.

ಅಂಟಿನ ವಿಷಯದಲ್ಲಿ ಹೊಸಬರು ಫೆವಿಕ್ವಿಕ್ ಕಡೆ ಹೋಗುತ್ತಾರೆ. ಬೇಡ. ಪ್ಲಾಸ್ಟಿಕ್ ಮಾದರಿಗೆ ಬೇರೆಯೇ ತೆಳು ಸಿಮೆಂಟ್ ಬರುತ್ತದೆ. ಅದು ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಒಂದೇ ಮಾಡುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಆವಿಯಾಗುತ್ತದೆ. ಹಾಗಾಗಿ ಅಂಟು ಸವರಿ ಆಮೇಲೆ ಜೋಡಿಸಲು ಹೋಗಬೇಡಿ. ಎರಡೂ ಭಾಗಗಳನ್ನು ಮೊದಲು ಜೋಡಿಸಿ ಹಿಡಿದುಕೊಳ್ಳಿ. ಸಂದಿಗೆ ಬ್ರಷ್ ತುದಿ ಮುಟ್ಟಿಸಿ. ಅಂಟು ತಾನೇ ಸಂದಿಯುದ್ದಕ್ಕೂ ಹರಿಯುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರದಿರಲಿ. ಮಕ್ಕಳು ಮಾಡುತ್ತಿದ್ದರೆ ದೊಡ್ಡವರು ಪಕ್ಕದಲ್ಲಿ ಇರಲೇಬೇಕು.

ಚಕ್ರಗಳ ತೋಳು ಅಂಟಿಸಿದ ಕೂಡಲೇ ಚಕ್ರಗಳನ್ನು ಅಂಟಿಲ್ಲದೆ ಸಿಕ್ಕಿಸಿ, ಟ್ಯಾಂಕನ್ನು ಗಾಜಿನ ಮೇಲಿಟ್ಟು ನೋಡಿ. ಹತ್ತೂ ಚಕ್ರ ನೆಲ ಮುಟ್ಟಬೇಕು. ಅಂಟು ಒಣಗುವ ಮೊದಲು ಸರಿಮಾಡುವುದು ಸುಲಭ.

ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಮೇಲ್ಭಾಗದ ಬಗ್ಗೆ ಒಂದು ಮಾತು. ಟಿ-55ರ ದೇಹ ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿ ಮಾಡಿದ್ದು, ಆದರೆ ದುಂಡಗಿನ ಟರೆಟ್ ಅಚ್ಚಿಗೆ ಉಕ್ಕು ಹೊಯ್ದು ಮಾಡಿದ್ದು. ಹಾಗಾಗಿ ಅದರ ಮೈ ತರಿತರಿ. ಮಾದರಿಯಲ್ಲಿ ಅದು ತೀರಾ ನುಣುಪಾಗಿದ್ದರೆ ಸ್ವಲ್ಪ ಅಂಟು ಸವರಿ, ಒರಟು ಬ್ರಷ್‌ನಿಂದ ಮೆಲ್ಲಗೆ ಕುಟ್ಟಿ. ದೇಹಕ್ಕೂ ಟರೆಟ್‌ಗೂ ವ್ಯತ್ಯಾಸ ಕಾಣತೊಡಗುತ್ತದೆ.

ದೇಹ, ಟರೆಟ್, ಚಕ್ರ, ಚಕ್ರಗಳನ್ನು ಸುತ್ತುವ ಪಟ್ಟಿ ಇವನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡು ಬಣ್ಣ ಹಚ್ಚಿ. ಪಟ್ಟಿ ಹಾಕುವುದು ಕೊನೆಗೆ. ಆಗ ಒಂದನ್ನು ನೆನಪಿಡಿ. ಟಿ-55ರಲ್ಲಿ ಪಟ್ಟಿಯನ್ನು ಮೇಲೆ ಎತ್ತಿಹಿಡಿಯುವ ಸಣ್ಣ ಚಕ್ರಗಳು ಇಲ್ಲ. ಭಾರದ ಪಟ್ಟಿ ದೊಡ್ಡ ಚಕ್ರಗಳ ಮೇಲೇ ಜೋತುಬೀಳುತ್ತದೆ. ಕಿಟ್‌ನ ಮೆತ್ತನೆಯ ಪಟ್ಟಿ ಬಿಗಿಯಾಗಿ ನೇರ ನಿಂತರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಅದನ್ನು ಕೆಳಕ್ಕೆ ಒತ್ತಿಹಿಡಿದು ಚಕ್ರದ ನೆತ್ತಿಗೆ ಒಂದು ಹನಿ ಅಂಟು ಹಾಕಿ. ಫೆವಿಕ್ವಿಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಬಣ್ಣ ಬೆಳಿಗ್ಗೆಯೇ ಹಚ್ಚಿ

ಏಪ್ರಿಲ್–ಮೇ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಸ್ಪ್ರೇ ಮುಟ್ಟಬೇಡಿ. ಬಣ್ಣದ ಹನಿ ಗಾಳಿಯಲ್ಲೇ ಒಣಗಿ, ಮೈಮೇಲೆ ಪುಡಿಪುಡಿಯಾಗಿ ಕೂರುತ್ತದೆ. ಬೆಳಿಗ್ಗೆ ತಂಪಿರುವಾಗ, ಫ್ಯಾನ್ ಆರಿಸಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಹಚ್ಚಿದ ತಕ್ಷಣ ಮಾದರಿಯ ಮೇಲೆ ದೊಡ್ಡ ಡಬ್ಬಿ ಬೋರಲು ಹಾಕಿ. ಇಲ್ಲದಿದ್ದರೆ ಹಸಿ ಬಣ್ಣಕ್ಕೆ ಮನೆಯ ಧೂಳು ಅಂಟುತ್ತದೆ.

ಮೊದಲು ಪ್ರೈಮರ್. ಗಾಡಿಗಳಿಗೆ ಹೊಡೆಯುವ ಪ್ರೈಮರ್ ಬಳಸುವುದಾದರೆ ಖಾಲಿ ಚೌಕಟ್ಟಿನ ಮೇಲೆ ಹೊಡೆದು ನೋಡಿ. ಕೆಲವು ಪ್ರೈಮರ್‌ಗಳ ತಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಸ್ಪ್ರೇ ಡಬ್ಬಿಯನ್ನು 15ರಿಂದ 20 ಸೆಂ.ಮೀ. ದೂರ ಹಿಡಿದು, ಕೈ ಓಡಿಸುತ್ತಲೇ ತೆಳುವಾಗಿ ಹೊಡೆಯಿರಿ.

ಮೇಲಿನ ಹಸಿರಿಗೆ ಅಕ್ರಿಲಿಕ್ ಬಣ್ಣ ಒಳ್ಳೆಯದು. ಬ್ರಷ್‌ನಲ್ಲಾದರೂ ಪರವಾಗಿಲ್ಲ. ತೆಳುವಾಗಿ ಕಲಸಿ ಎರಡು–ಮೂರು ಸಲ ಹಚ್ಚಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಬೇಡ. ಹಸಿರಿಗೆ ಒಂದಿಷ್ಟು ತಿಳಿ ಮಣ್ಣಿನ ಬಣ್ಣ ಬೆರೆಸಿ. ಸಣ್ಣ ವಸ್ತುವಿನ ಮೇಲೆ ಅದೇ ಬಣ್ಣ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಅದರ ಮೇಲೆ ವೆದರಿಂಗ್ ಬಿದ್ದರೆ ಮತ್ತೂ ಕಪ್ಪಾಗುತ್ತದೆ.

ನಂಬರಿನ ಸ್ಟಿಕ್ಕರ್ ನೀರಿನಲ್ಲಿ ನೆನೆಸಿ ಜಾರಿಸುವಂಥದ್ದು. ಅದರ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಶ್ ಹಚ್ಚಿ. ನೆನೆಸಲು ಬೋರ್‌ವೆಲ್ ನೀರು ಬೇಡ, ಗಡಸು ನೀರು ಬಿಳಿ ಕಲೆ ಬಿಡುತ್ತದೆ. ಶುದ್ಧ ನೀರಿನ ಘಟಕದ ನೀರು ಸಾಕು.

ವೆದರಿಂಗ್: 35ರ ಲೆಕ್ಕ

ಇನ್ನು ಮುಂದೆ ಏನು ಮಾಡಿದರೂ 35ರಿಂದ ಗುಣಿಸಿ ನೋಡಿ. ಮಾದರಿಯ ಮೇಲೆ 1 ಮಿ.ಮೀ. ಬಣ್ಣ ಎದ್ದಂತೆ ತೋರಿಸಿದರೆ ನಿಜದಲ್ಲಿ ಅದು 3.5 ಸೆಂ.ಮೀ. ಒಂದು ಉಸುಕಿನ ಕಾಳು ಅಂಟಿಸಿದರೆ ಅದು ಕಲ್ಲು. ಮೊದಲ ಮಾದರಿಗಳಲ್ಲಿ ವೆದರಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಕಲೆ ಜಾಸ್ತಿಯಾಗಿ ಕೆಡುವುದಕ್ಕಿಂತ ಕಲೆ ದೊಡ್ಡದಾಗಿ ಕೆಡುವುದು ಹೆಚ್ಚು.

ಮೊದಲು ವಾಶ್, ಅಂದರೆ ಸಂದಿಗಳಲ್ಲಿ ನಿಲ್ಲುವ ತೆಳು ಬಣ್ಣ. ಬರ್ನ್ಟ್ ಅಂಬರ್ (ಗಾಢ ಕಂದು) ಆಯಿಲ್ ಕಲರ್ ಟ್ಯೂಬ್ ತನ್ನಿ. ಸ್ವಲ್ಪವನ್ನು ರಟ್ಟಿನ ಮೇಲೆ ಹಿಂಡಿ ಬಿಡಿ. ಅದರ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಬಣ್ಣ ಹೊಳೆಯದೆ ಒಣಗುತ್ತದೆ. ಆಮೇಲೆ ಟರ್ಪೆಂಟೈನ್‌ನಲ್ಲಿ ಕೊಳೆನೀರಿನಷ್ಟು ತೆಳು ಮಾಡಿ. ಇಡೀ ಟ್ಯಾಂಕಿಗೆ ಬಳಿಯಬೇಡಿ. ಬೋಲ್ಟುಗಳ ಬುಡ, ಮುಚ್ಚಳದ ಅಂಚು, ಬೆಸುಗೆ ಗೆರೆ, ಇಷ್ಟಕ್ಕೇ ಬ್ರಷ್ ತುದಿ ಮುಟ್ಟಿಸಿ. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿದ ಬ್ರಷ್‌ನಿಂದ ತೆಗೆಯಿರಿ. ಕೆಳಗಿನ ಬಣ್ಣ ಎನಾಮಲ್ ಆಗಿದ್ದರೆ ಟರ್ಪೆಂಟೈನ್ ಅದನ್ನೂ ಎಬ್ಬಿಸುತ್ತದೆ. ಅದಕ್ಕೇ ಅಕ್ರಿಲಿಕ್ ಅಂದದ್ದು.

ಎರಡನೆಯದು ಬಣ್ಣ ಎದ್ದ ಗುರುತುಗಳು. ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಸ ಪ್ಯಾಂಟಿನ ತೊಡೆ, ಮೊಣಕಾಲಿನ ಹತ್ತಿರ ಮಾತ್ರ ಬಣ್ಣ ತಿಳಿ ಮಾಡುತ್ತಾರೆ ಅಲ್ವಾ? ಸವೆಯುವ ಕಡೆ ಸವೆಸುವುದು, ಲೆಕ್ಕ ಅದೇ. ಟ್ಯಾಂಕಿನಲ್ಲಿ ಸವೆಯುವುದು ಸೈನಿಕರು ಹತ್ತುವ ದಾರಿ, ಮುಚ್ಚಳದ ಅಂಚು, ಮಡ್‌ಗಾರ್ಡಿನ ತುದಿ. ಸ್ಪಂಜಿನ ಚೂರಿಗೆ ಗಾಢ ಕಂದು ಅಕ್ರಿಲಿಕ್ ತಾಗಿಸಿ, ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಆಮೇಲೆ ಮಾದರಿಗೆ ಮುಟ್ಟಿಸಿ. ಬೆಳ್ಳಿ ಬಣ್ಣ ಬಳಸಬೇಡಿ. ಬಣ್ಣ ಎದ್ದ ಉಕ್ಕು ಬಯಲಲ್ಲಿ ಹೊಳೆಯುತ್ತ ಕೂರುವುದಿಲ್ಲ, ಬೇಗ ಕಂದಾಗುತ್ತದೆ. ಹೊಳೆಯುವುದು ಸದಾ ಉಜ್ಜುವ ಜಾಗ ಮಾತ್ರ. ಪಟ್ಟಿ ನೆಲ ಮುಟ್ಟುವ ಉಬ್ಬುಗಳ ಮೇಲೆ ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಆ ಹೊಳಪು ಬರುತ್ತದೆ.

ಮೂರನೆಯದು ಗೆರೆ ಮತ್ತು ಜಿಡ್ಡು. ಇಲ್ಲಿ ಟ್ಯಾಂಕಿನ ರಚನೆ ಗೊತ್ತಿರಬೇಕು. ಟಿ-55ರ ಬಲ ಮಡ್‌ಗಾರ್ಡಿನ ಮೇಲೆ ಡೀಸೆಲ್ ಪೆಟ್ಟಿಗೆಗಳಿವೆ. ಅವುಗಳ ಮುಚ್ಚಳದ ಸುತ್ತ ತುಂಬುವಾಗ ಚೆಲ್ಲಿದ ಕಲೆ ಇರಲಿ. ಕಪ್ಪು ಕಂದು ಆಯಿಲ್ ಕಲರ್‌ಗೆ ಸ್ವಲ್ಪ ಹೊಳಪಿನ ವಾರ್ನಿಶ್ ಬೆರೆಸಿದರೆ ಹಸಿ ಎಣ್ಣೆಯಂತೆ ಕಾಣುತ್ತದೆ. ಹೊಗೆ ಬರುವ ಕೊಳವೆ ಎಡ ಮಡ್‌ಗಾರ್ಡಿನ ಹಿಂಭಾಗದಲ್ಲಿದೆ. ಅಲ್ಲಿ ತುಕ್ಕು, ಅದರ ಹಿಂದೆ ಮಸಿ. ನೆಟ್ಟಗಿನ ಗೋಡೆಗಳ ಮೇಲೆ ಮಳೆನೀರು ಇಳಿದ ಗುರುತಿಗೆ ಒಂದು ಚುಕ್ಕೆ ಬಣ್ಣವಿಟ್ಟು, ಟರ್ಪೆಂಟೈನ್ ತಾಗಿಸಿದ ಚಪ್ಪಟೆ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಗೆರೆ ಕಂಡೂ ಕಾಣದಷ್ಟು ತೆಳುವಾಗಬೇಕು.

ಧೂಳು ಎಲ್ಲಿಂದ ತರಬೇಕು?

ಧೂಳಿಗೆ ಪಿಗ್ಮೆಂಟ್ ಪುಡಿ ಸಿಗುತ್ತದೆ. ತುಕ್ಕಿನ ಬಣ್ಣದ ಪುಡಿ ಅಂದರೆ ಕಬ್ಬಿಣದ ಆಕ್ಸೈಡ್. ಸಂಡೂರಿನ ಅದಿರಿನ ಕೆಂಪೂ ಅದೇ. ಆದ್ದರಿಂದ ನಮ್ಮ ಮಣ್ಣನ್ನೇ ಬಳಸಬಹುದು. ಬಾಣಲೆಯಲ್ಲಿ ಹುರಿದು ತೇವ ತೆಗೆಯಿರಿ, ಕುಟ್ಟಿ, ಹಳೆಯ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಬೆರಳಲ್ಲಿ ಉಜ್ಜಿದರೆ ಕಾಳು ಸಿಗಬಾರದು. ಸೋಸುವಾಗ ಮಾಸ್ಕ್ ಹಾಕಿಕೊಳ್ಳಲೇಬೇಕು. ಈ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಆದರೆ ಯಾವ ಮಣ್ಣು ಯಾವ ಟ್ಯಾಂಕಿಗೆ ಅನ್ನುವುದನ್ನು ಯೋಚಿಸಿ. 1971ರಲ್ಲಿ ಪಂಜಾಬ್ ಗಡಿಯಲ್ಲಿದ್ದ ಟ್ಯಾಂಕ್ ಎಂದು ಮಾಡುತ್ತಿದ್ದರೆ ಸಂಡೂರಿನ ಕೆಂಪು ಹೊಂದುವುದಿಲ್ಲ. ಅಲ್ಲಿಯದು ತಿಳಿ ಕಂದು ಮೆಕ್ಕಲು ಮಣ್ಣು. ಅದಕ್ಕೆ ತಿಳಿ ಕಂದು, ಬೂದು ಬಣ್ಣದ ಡ್ರೈ ಪೇಸ್ಟಲ್ ಕಡ್ಡಿಗಳನ್ನು ಉಜ್ಜಿ ಪುಡಿಮಾಡಿ ಬೆರೆಸಿ. ಎರಡನೇ ಮಹಾಯುದ್ಧದಲ್ಲಿ ಉಕ್ರೇನಿನಲ್ಲಿ ಓಡಿದ ಟಿ-34 ಆದರೆ ಕಪ್ಪು ಮಣ್ಣು ಬೇಕು. ಆಗ ಸಿರುಗುಪ್ಪ ಕಡೆಯ ಎರೆಮಣ್ಣು ಸೊಗಸಾಗಿ ಕೂರುತ್ತದೆ. ಯಾವ ಸೇನೆಯದೂ ಅಲ್ಲ, ಸುಮ್ನೆ ಅಭ್ಯಾಸಕ್ಕೆ ಅನ್ನುವುದಾದರೆ ಕೆಂಪೇ ಹಾಕಿ. ಹಸಿರಿನ ಮೇಲೆ ಅದು ಬಹಳ ಚೆನ್ನಾಗಿ ಕಾಣುತ್ತದೆ.

ಪುಡಿ ಹಾಕುವ ಮೊದಲು, ಎಣ್ಣೆ ಕಲೆಯಂಥ ಹೊಳಪು ಬೇಕಾದ ಜಾಗ ಬಿಟ್ಟು, ಉಳಿದ ಮಾದರಿಗೆಲ್ಲ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆಯಿರಿ. ಹೊಳಪಿನ ಮೈಮೇಲೆ ಪುಡಿ ನಿಲ್ಲುವುದಿಲ್ಲ. ಒಣ ಬ್ರಷ್‌ನಲ್ಲಿ ಪುಡಿ ಇಟ್ಟು, ಅದರ ಅಂಚಿಗೆ ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿ. ಅದು ತಾನೇ ಹರಡಿ ಪುಡಿಯನ್ನು ಕೂರಿಸುತ್ತದೆ. ಹಸಿಯಾಗಿರುವಾಗ ಬಣ್ಣ ಗಾಢವಾಗಿ ಕಂಡರೆ ಹೆದರಬೇಡಿ, ಒಣಗಿದ ಮೇಲೆ ತಿಳಿಯಾಗುತ್ತದೆ. ಚಕ್ರ, ಪಟ್ಟಿ, ಕೆಳಹೊಟ್ಟೆಗೆ ದಪ್ಪ. ಮೇಲಕ್ಕೆ ಹೋದಂತೆ ತೆಳು. ಟರೆಟ್‌ನ ಮೇಲೆ ಕಾಲು ಬೀಳದ ಮೂಲೆಗಳಲ್ಲಿ ಮಾತ್ರ. ಒತ್ತಿದ ಕೆಸರು ಬೇಕಿದ್ದರೆ ಅದೇ ಪುಡಿಗೆ ಅಕ್ರಿಲಿಕ್ ಮ್ಯಾಟ್ ವಾರ್ನಿಶ್ ಸೇರಿಸಿ ಕಲಸಿ, ಚಕ್ರಗಳ ಹಿಂದಿನ ಸಂದಿಗೆ ತುಂಬಿ.

ಧೂಳಿನ ಮೇಲೆ ಮತ್ತೆ ವಾರ್ನಿಶ್ ಹೊಡೆಯಬೇಡಿ. ಅರ್ಧ ಪುಡಿ ಮಾಯವಾಗುತ್ತದೆ. ಮೇಲೆ ಹೊಡೆಯದೆ ಬಿಟ್ಟರೆ ಬೆರಳು ತಾಗಿದಲ್ಲಿ ಗುರುತು ಬೀಳುತ್ತದೆ. ಅದಕ್ಕೆ ಟ್ಯಾಂಕನ್ನು ಎರಡು ಸಣ್ಣ ಸ್ಕ್ರೂ ಹಾಕಿ ಮರದ ಹಲಗೆಗೆ ಕೆಳಗಿನಿಂದ ಬಿಗಿದುಬಿಡಿ. ಇನ್ನು ಮೇಲೆ ಹಲಗೆ ಹಿಡಿದು ಎತ್ತಿ. ಬಿಸಿಲು ನೇರ ಬೀಳದ ಶೆಲ್ಫಿನಲ್ಲಿ, ಗಾಜಿನ ಬಾಗಿಲ ಹಿಂದೆ ಇಡಿ.